ಗೋಧಿ ಬೂಸಾದಿಂದ ಅಮೈಲೇಸ್: ನಮ್ಮ ಸಣ್ಣ ಘಟಕ ನಿಂತ ಬಗೆ

ನಿಪ್ಪಾಣಿ ಹತ್ತಿರದ ನಮ್ಮ ಘಟಕದಿಂದ ಇಚಲಕರಂಜಿಯ ಒಂದು ಬಟ್ಟೆ ಪ್ರೊಸೆಸಿಂಗ್ ಮಿಲ್‌ಗೆ ಈಗ ಪ್ರತಿ ತಿಂಗಳೂ ಅಮೈಲೇಸ್ ಹೋಗುತ್ತಿದೆ. ಕ್ಯಾನ್‌ಗಳಲ್ಲಿ ತುಂಬಿದ ಕಂದು ದ್ರವ. ಪಿಷ್ಟವನ್ನು ಒಡೆಯುವ ಕಿಣ್ವ ಅದು. ಅದನ್ನು ಮಾಡಿಕೊಡುವುದು ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾ, ಅದರ ಊಟ ಗೋಧಿ ಬೂಸಾ. ಇಷ್ಟೇ ಕೇಳಿದರೆ ಸುಲಭ ಅನ್ನಿಸುತ್ತದೆ. ಎಂಎಸ್ಸಿ ಮೈಕ್ರೋಬಯಾಲಜಿ ಮುಗಿಸಿದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ, 'ಅಕ್ಕಾ, ನಾವೂ ಮಾಡಬಹುದಾ?' ಮಾಡಬಹುದು. ಆದರೆ ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದು ಈ ದಾರಿಯ ಸಣ್ಣ ತುಂಡು ಮಾತ್ರ. ಉಳಿದದ್ದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.

ಮೊದಲು ಯಾರಿಗೆ ಮಾರುತ್ತೀರಿ ಅನ್ನುವುದನ್ನು ತೀರ್ಮಾನಿಸಿ. ಯಾವ ಸೂಕ್ಷ್ಮಜೀವಿ ಬೇಕು ಅನ್ನುವುದು ಅದರ ಮೇಲೇ ನಿಂತಿದೆ. ಬೇಕರಿಗೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟಿನ ಅಮೈಲೇಸ್ ಬೇಕು. ಅದು 50 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡಿ, ಬ್ರೆಡ್ ಬೇಯುವಾಗ ತಾನೇ ಸತ್ತುಹೋಗುತ್ತದೆ. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್ ತೆಗೆಯುವ ಕಾರ್ಖಾನೆಗೆ ನೂರು ಡಿಗ್ರಿ ದಾಟಿದರೂ ತಾಳುವ ಅಮೈಲೇಸ್ ಬೇಕು, ಅದಕ್ಕೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್. ಅಲ್ಲಿ ಸುಧಾರಿತ ತಳಿ, ದೊಡ್ಡ ಟ್ಯಾಂಕ್ ಇಟ್ಟುಕೊಂಡ ಭಾರಿ ಕಂಪನಿಗಳ ಜೊತೆ ಬೆಲೆಯಲ್ಲಿ ಸೆಣಸಬೇಕು. ಸಣ್ಣವರಿಗೆ ಆಗದ ಮಾತು.

ನಾವು ಹಿಡಿದದ್ದು ಬಟ್ಟೆಯ ಡಿಸೈಜಿಂಗ್, ಅಂದರೆ ಗಂಜಿ ತೆಗೆಯುವ ಕೆಲಸ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲು ಹರಿಯದ ಹಾಗೆ ಗಂಜಿ ಹಾಕುತ್ತಾರೆ. ನೇಯ್ದಾದ ಮೇಲೆ ಆ ಗಂಜಿ ಪೂರ್ತಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ, ಪಟ್ಟೆ ಪಟ್ಟೆಯಾಗುತ್ತದೆ. ಆಸಿಡ್ ಹಾಕಿದರೂ ಗಂಜಿ ಹೋಗುತ್ತದೆ, ಆದರೆ ಜೊತೆಗೆ ಹತ್ತಿಯೂ ಸೊರಗುತ್ತದೆ. ಅಮೈಲೇಸ್ ಪಿಷ್ಟವನ್ನಷ್ಟೇ ಒಡೆಯುತ್ತದೆ, ಹತ್ತಿಯ ಸೆಲ್ಯುಲೋಸನ್ನು ಮುಟ್ಟುವುದಿಲ್ಲ. 60-70 ಡಿಗ್ರಿ ಬಿಸಿ, ಆರೇಳರ ಪಿಎಚ್. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಅಮೈಲೋಲಿಕ್ವಿಫೇಸಿಯನ್ಸ್ ಇದಕ್ಕೆ ಹೇಳಿ ಮಾಡಿಸಿದಂತಿವೆ. ಇಚಲಕರಂಜಿ ನಮಗೆ ಹತ್ತಿರ. ಅಲ್ಲಿ ಗ್ರೇ ಬಟ್ಟೆಗೆ, ಅಂದರೆ ಮಗ್ಗದಿಂದ ಇಳಿದ ಹಸಿ ಬಟ್ಟೆಗೆ, ಬರವಿಲ್ಲ.

ಕಲ್ಚರ್, ಅಂದರೆ ಬೆಳೆಸಲು ಬೇಕಾದ ಮೂಲ ಬ್ಯಾಕ್ಟೀರಿಯಾ, ಎಲ್ಲಿಂದ ತರುವುದು? ದಾರಿ ಎರಡು. ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಂಥ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ದುಡ್ಡು ಕೊಟ್ಟು ತರಿಸಬಹುದು. ಅವರು ಸಹಿ ಹಾಕಿಸಿಕೊಳ್ಳುವ ಒಪ್ಪಂದವನ್ನು ಸಾಲು ಸಾಲಾಗಿ ಓದಿ. ಸಂಶೋಧನೆಗೆ ಕೊಟ್ಟದ್ದನ್ನು ವ್ಯಾಪಾರಕ್ಕೆ ಬಳಸಬಹುದಾ ಅಂತ ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಇನ್ನೊಂದು ದಾರಿ, ಮಣ್ಣಿನಿಂದ ನಾವೇ ಹುಡುಕುವುದು. ನಾನು ಇದನ್ನೇ ಆರಿಸಿಕೊಂಡೆ.

ನೂಲಿಗೆ ಗಂಜಿ ಹಾಕುವ ಸೈಜಿಂಗ್ ಘಟಕದ ಹಿಂದೆ ಗಂಜಿ ನೀರು ಹರಿದು ಕಪ್ಪಾದ ಜಾಗದಿಂದ ಮಣ್ಣು ತಂದೆ. ನೀರಲ್ಲಿ ಕದಡಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಬೇರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಬಿಸಿ ತಾಳುವ ಬೀಜಕ ಕಟ್ಟುವ ಬ್ಯಾಸಿಲಸ್ ಉಳಿಯುತ್ತದೆ. ಅದನ್ನು ಪಿಷ್ಟ ಬೆರೆಸಿದ ಅಗಾರ್ (ಜೆಲ್ಲಿಯಂಥ ಹಾಸು) ಮೇಲೆ ಹರಡಿ, ಬೆಳೆದ ಮೇಲೆ ಅಯೋಡಿನ್ ಸುರಿಯಬೇಕು. ಇಡೀ ತಟ್ಟೆ ಕಡು ನೀಲಿಯಾಗುತ್ತದೆ. ಪಿಷ್ಟವನ್ನು ತಿಂದ ಬ್ಯಾಕ್ಟೀರಿಯಾ ಗುಂಪಿನ (ವಸಾಹತಿನ) ಸುತ್ತ ಮಾತ್ರ ತಿಳಿ ಉಂಗುರ ಉಳಿಯುತ್ತದೆ. ದೊಡ್ಡ ಉಂಗುರ ಕಂಡ ದಿನ ಆದ ಖುಷಿಯನ್ನು ಹೇಳತೀರದು.

ಆದರೆ ಇಲ್ಲೊಂದು ಅಪಾಯ ಇದೆ, ದಯವಿಟ್ಟು ಗಮನ ಕೊಡಿ. ಬ್ಯಾಸಿಲಸ್ ಸೀರಿಯಸ್ ಎಂಬ, ಹಳಸಿದ ಅನ್ನದಿಂದ ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಕೂಡ ಇದೇ ಮಣ್ಣಿನಲ್ಲಿ ಇರುತ್ತದೆ. ಅದಕ್ಕೂ 80 ಡಿಗ್ರಿ ಲೆಕ್ಕಕ್ಕಿಲ್ಲ. ಅದೂ ತಿಳಿ ಉಂಗುರ ಕೊಡಬಲ್ಲದು. ಮೊಟ್ಟೆಯ ಹಳದಿ ಬೆರೆಸಿದ ಅಗಾರ್ ಮೇಲೆ ಬೆಳೆಸಿದರೆ ಅದರ ಸುತ್ತ ಬಿಳಿ ಮಸುಕು ಕಾಣುತ್ತದೆ, ಸಬ್ಟಿಲಿಸ್‌ಗೆ ಹಾಗಾಗುವುದಿಲ್ಲ. ಇಷ್ಟಕ್ಕೇ ನಿಲ್ಲಿಸದೆ ಡಿಎನ್‌ಎ ಗುರುತನ್ನೂ ಮಾಡಿಸಿ. ಎಲ್ಲರೂ ಮಾಡಿಸುವ 16ಎಸ್ ಪರೀಕ್ಷೆ ಸಬ್ಟಿಲಿಸ್ ಮತ್ತು ಅಮೈಲೋಲಿಕ್ವಿಫೇಸಿಯನ್ಸ್ ನಡುವಿನ ವ್ಯತ್ಯಾಸವನ್ನು ಸರಿಯಾಗಿ ತೋರಿಸುವುದಿಲ್ಲ. ಜೈರೇಸ್ ಎಂಬ ಇನ್ನೊಂದು ಜೀನ್ ಕೂಡ ನೋಡಬೇಕಾಗುತ್ತದೆ. ನಮ್ಮದು ಅಮೈಲೋಲಿಕ್ವಿಫೇಸಿಯನ್ಸ್ ಎಂದು ವರದಿ ಬಂತು. ಈ ವರದಿಯ ಝೆರಾಕ್ಸ್ ಕೇಳದ ಕಚೇರಿಯೇ ಮುಂದೆ ನನಗೆ ಸಿಗಲಿಲ್ಲ.

ಮಣ್ಣಿನಿಂದ ತೆಗೆದ ತಳಿ ಅಂದ ಕೂಡಲೇ ಇನ್ನೊಂದು ಕಾನೂನು ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಜೈವಿಕ ಸಂಪನ್ಮೂಲವೇ. ಭಾರತೀಯರು ಅದನ್ನು ವ್ಯಾಪಾರಕ್ಕೆ ಬಳಸುವ ಮೊದಲು ರಾಜ್ಯದ ಮಂಡಳಿಗೆ ತಿಳಿಸಬೇಕು ಅನ್ನುತ್ತದೆ 7ನೇ ಸೆಕ್ಷನ್. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿ. ಔಷಧಿ ಸಸ್ಯಗಳವರಿಗೆ ಇದು ಗೊತ್ತಿರುತ್ತದೆ, ನಮ್ಮ ಮೈಕ್ರೋಬಯಾಲಜಿಯವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಮಣ್ಣು ಎಲ್ಲಿಂದ ತಂದಿರಿ, ಯಾವಾಗ, ಎಷ್ಟು, ಎಲ್ಲ ಕೇಳುತ್ತಾರೆ. ಮಣ್ಣು ತೆಗೆದ ದಿನವೇ ಜಾಗದ ಫೋಟೋ, ತಾರೀಖು, ಜಾಗದ ಮಾಲೀಕರ ಒಪ್ಪಿಗೆ ಪತ್ರ ಎತ್ತಿಟ್ಟುಕೊಂಡರೆ ಆಮೇಲೆ ಓಡಾಟ ತಪ್ಪುತ್ತದೆ. ಜೀನ್ ತಿದ್ದಿದ ತಳಿ ಇಟ್ಟುಕೊಂಡರೆ ಅದರ ಅನುಮತಿಯ ದಾರಿಯೇ ಬೇರೆ, ಬಲು ಉದ್ದ. ಸಣ್ಣ ಘಟಕದವರು ಆ ಕಡೆ ತಲೆ ಹಾಕದಿರುವುದೇ ವಾಸಿ.

ಇನ್ನು ಟ್ಯಾಂಕೋ ಟ್ರೇಯೋ ಅನ್ನುವ ಪ್ರಶ್ನೆ. ಬ್ಯಾಕ್ಟೀರಿಯಾವನ್ನು ದ್ರವದಲ್ಲಿ ಬೆಳೆಸುವ ಸ್ಟೀಲ್ ಟ್ಯಾಂಕ್ (ಫರ್ಮೆಂಟರ್) ತೋರಿಸಿದರೆ ಬ್ಯಾಂಕಿನವರಿಗೆ ನಂಬಿಕೆ ಬರುತ್ತದೆ, ನೋಡಲೂ ಚೆಂದ. ಆದರೆ ಅದಕ್ಕೆ ಬಾಯ್ಲರ್, ಶುದ್ಧ ಗಾಳಿಯ ಕಂಪ್ರೆಸರ್, ನೊರೆ ತಡೆಯುವ ವ್ಯವಸ್ಥೆ, ಒಂದು ನಿಮಿಷವೂ ಕೈಕೊಡದ ಕರೆಂಟ್, ಎಲ್ಲ ಬೇಕು. ಬೂಸಾ ಹರಡಿದ ಟ್ರೇಗೆ ಅಷ್ಟೆಲ್ಲ ಬೇಡ. ಈ ದಾರಿ ಹೊಸದೂ ಅಲ್ಲ. ಜಪಾನಿನ ಜೋಕಿಚಿ ತಕಮಿನೆ ಗೋಧಿ ಬೂಸಾದ ಮೇಲೆ ಬೂಷ್ಟು ಬೆಳೆಸಿ ಅಮೈಲೇಸ್ ತೆಗೆಯುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1894ರಲ್ಲಿ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಬ್ಯಾಸಿಲಸ್ಸನ್ನೇ ಗೋಧಿ ಬೂಸಾದಲ್ಲಿ ಬೆಳೆಸಿ ಅಮೈಲೇಸ್ ತೆಗೆಯುವ ಬಗ್ಗೆ 1990ರ ಸುಮಾರಿಗೇ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ನನಗೆ ಧೈರ್ಯ ಕೊಟ್ಟದ್ದು ಅವು. ಈ ಕೆಲಸಕ್ಕೆ ಇಳಿಯುವವರು ಅವನ್ನು ಹುಡುಕಿ ಓದಲೇಬೇಕು.

ಬೂಸಾ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ದನದ ಮೇವಿನ ಅಂಗಡಿಯಲ್ಲಿ ಸಿಗುವುದರಲ್ಲಿ ಉಪ್ಪು, ಭತ್ತದ ಹೊಟ್ಟು, ಏನೇನೋ ಬೆರೆತಿರುತ್ತದೆ. ಚೀಲದಿಂದ ಚೀಲಕ್ಕೆ ಫಲಿತಾಂಶ ಬೇರೆ ಬರುತ್ತದೆ. ಸೀದಾ ರೋಲರ್ ಫ್ಲೋರ್ ಮಿಲ್‌ನಿಂದಲೇ ತನ್ನಿ, ದಪ್ಪ ಚಕ್ಕೆಯದ್ದನ್ನೇ ಕೇಳಿ. ನುಣ್ಣಗಿದ್ದರೆ ಒದ್ದೆಯಾದಾಗ ಮುದ್ದೆಗಟ್ಟಿ ಒಳಗೆ ಗಾಳಿ ಹೋಗುವುದಿಲ್ಲ. ಕಿಲೋ ಬೂಸಾಗೆ ಹೆಚ್ಚುಕಡಿಮೆ ಲೀಟರ್ ನೀರು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು, ಬೆರಳಲ್ಲಿ ತಟ್ಟಿದರೆ ಉದುರಬೇಕು. ತೇವಾಂಶ ಅಳೆಯುವ ಯಂತ್ರ ತಂದಿಟ್ಟ ಮೇಲೂ ನಮ್ಮಲ್ಲಿ ಕೆಲಸ ಮಾಡುವ ಅಕ್ಕಂದಿರು ಮುಷ್ಟಿಯ ಪರೀಕ್ಷೆಯನ್ನು ಬಿಟ್ಟಿಲ್ಲ. ಅವರ ಅಂದಾಜು ತಪ್ಪುವುದೂ ಅಪರೂಪ.

ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ. ದೊಡ್ಡ ಕುಕ್ಕರ್ ಥರದ ಇದರಲ್ಲಿ ಬೂಸಾದೊಳಗಿನ ಬೇಡದ ಜೀವಿಗಳನ್ನೆಲ್ಲ ಸಾಯಿಸಬೇಕು. ಪುಸ್ತಕದಲ್ಲಿರುವ ಹದಿನೈದು ಇಪ್ಪತ್ತು ನಿಮಿಷ ದ್ರವಕ್ಕೆ ಸರಿ. ಚೀಲ ತುಂಬಿದ ಬೂಸಾದ ನಡುವಿಗೆ ಆ ಬಿಸಿ ತಲುಪಲು ಜಾಸ್ತಿ ಹೊತ್ತು ಬೇಕು. ನೀರು ತಾಗದ ಒಣ ಗಂಟು ಒಂದು ಉಳಿದರೂ ಅಲ್ಲಿಂದ ಹಸಿರು ಬೂಷ್ಟು ಏಳುತ್ತದೆ. ಅದಕ್ಕೇ ನೀರು ಕಲಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಚೀಲಗಳನ್ನು ತೆಳುವಾಗಿ ತುಂಬಿ, ಮುಕ್ಕಾಲು ಗಂಟೆ ಇಡುತ್ತೇವೆ. ಆರಿದ ಮೇಲೆ ಬ್ಯಾಕ್ಟೀರಿಯಾ ಬೆರೆಸಿ ಟ್ರೇಗಳಲ್ಲಿ ಹರಡುತ್ತೇವೆ.

ನನ್ನನ್ನು ಹೆಚ್ಚು ಕಾಡಿದ್ದು ಬಿಸಿ. ಕೋಣೆಯನ್ನು 37 ಡಿಗ್ರಿಗೆ ಇಟ್ಟೆವು, ಗೋಡೆಯ ಥರ್ಮಾಮೀಟರ್ ಅಷ್ಟನ್ನೇ ತೋರಿಸುತ್ತಿತ್ತು. ಫ್ಲಾಸ್ಕಿನಲ್ಲಿ ಬಂದ ಫಲಿತಾಂಶದ ಅರ್ಧವೂ ಟ್ರೇಯಲ್ಲಿ ಬರಲಿಲ್ಲ. ವಾರಗಟ್ಟಲೆ ಕಾರಣ ತಿಳಿಯಲಿಲ್ಲ. ರಾತ್ರಿ ನಿದ್ದೆಯಿಲ್ಲ, ಬಾಡಿಗೆ ಓಡುತ್ತಿದೆ, ಬ್ಯಾಂಕಿನ ಬಡ್ಡಿ ಶುರುವಾಗಿದೆ. ಒಂದು ದಿನ ತಮ್ಮ ಸುಮ್ನೆ ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ಬೂಸಾದ ನಡುವೆ ಚುಚ್ಚಿ ನೋಡಿದ. ಐವತ್ತರ ಹತ್ತಿರ ಇತ್ತು! ಬ್ಯಾಕ್ಟೀರಿಯಾ ಬೆಳೆಯುವಾಗ ಹುಟ್ಟುವ ಬಿಸಿ ಬೂಸಾದೊಳಗೆ ಸಿಕ್ಕಿಬಿದ್ದಿತ್ತು. ತಿಪ್ಪೆಗೆ ಕೈ ಹಾಕಿದರೆ ಒಳಗೆ ಸುಡುತ್ತದಲ್ಲ, ಹಾಗೆ.

ಟ್ರೇಯಲ್ಲಿನ ಬೂಸಾದ ಹಾಸನ್ನು ಎರಡು ಬೆರಳಿನಷ್ಟು ತೆಳು ಮಾಡಿದೆವು. ಟ್ರೇಗಳ ನಡುವೆ ಅಂತರ ಬಿಟ್ಟೆವು. ಗಾಳಿ ಆಡಿಸಿದರೆ ಬೂಸಾ ಒಣಗುತ್ತದೆ, ಒಣಗಿದರೆ ಬೆಳವಣಿಗೆ ನಿಲ್ಲುತ್ತದೆ. ಹಾಗಾಗಿ ತೇವದ ಗಾಳಿಯನ್ನೇ ಆಡಿಸಬೇಕು. ಹಿಂದಿನ ದಿನ ಹಾಕಿದ ಟ್ರೇಗಳು ಬಿಸಿಯ ತುದಿಗೇರುವ ಹೊತ್ತಿಗೇ ಕರೆಂಟ್ ಹೋದರೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿಡಿ. ಫ್ಯಾನ್ ಓಡಿಸುವಷ್ಟು ಇನ್ವರ್ಟರ್ ಇದ್ದರೂ ಆದೀತು. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಬೂಸಾದೊಳಗೆ ಚುಚ್ಚುವ ಥರ್ಮಾಮೀಟರ್‌ಗಳು ಮೇಲೆಯೇ ಇರಲಿ.

48 ಗಂಟೆ ಆಸುಪಾಸಿಗೆ ಬೂಸಾ ಕಂದಾಗಿ, ಮುಟ್ಟಿದರೆ ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತದೆ. ಕೋಣೆಯಲ್ಲಿ ಅಮೋನಿಯಾ ಘಾಟು. ಮೊದಲ ಸಲ ಕೆಟ್ಟುಹೋಯಿತು ಅಂದುಕೊಳ್ಳುತ್ತೀರಿ, ಕೆಟ್ಟಿರುವುದಿಲ್ಲ. ಆದರೆ ಜಾಸ್ತಿ ಹೊತ್ತು ಬಿಡಬೇಡಿ. ಇದೇ ಬ್ಯಾಕ್ಟೀರಿಯಾ ಪ್ರೋಟೀನ್ ಕಡಿಯುವ ಕಿಣ್ವವನ್ನೂ ಮಾಡುತ್ತದೆ. ಅದು ಹೆಚ್ಚಾದಂತೆ ನಮ್ಮ ಅಮೈಲೇಸನ್ನೇ ಕಡಿಯತೊಡಗುತ್ತದೆ. ಕೆಲವು ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು ನಿಮ್ಮ ತಳಿಯ ಏರಿಳಿತದ ಗೆರೆ ಎಳೆದುಕೊಳ್ಳಿ. ನಮ್ಮ ತಳಿಯ ಗಂಟೆ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಆಮೇಲೆ ನೀರಲ್ಲಿ ನೆನೆಸಿ ಹಿಂಡಿ ಸೋಸುವ ಕೆಲಸ. ಬ್ಯಾಕ್ಟೀರಿಯಾದ ಲೋಳೆ ಫಿಲ್ಟರ್ ಬಟ್ಟೆಯ ಕಣ್ಣನ್ನೆಲ್ಲ ಮುಚ್ಚಿಬಿಡುತ್ತದೆ. ಸೋಸಲು ನೆರವಾಗುವ ಸೀಲೈಟ್ ಪುಡಿ ಬೆರೆಸಿ ಫಿಲ್ಟರ್ ಪ್ರೆಸ್‌ಗೆ ಹಾಕಿದ ಮೇಲೆ ತಿಳಿ ದ್ರವ ಬಂತು. ಅದನ್ನು ಗಟ್ಟಿ ಮಾಡಲು ಅಲ್ಟ್ರಾಫಿಲ್ಟ್ರೇಷನ್ ಮೆಂಬ್ರೇನ್, ಅಂದರೆ ಬಲು ಸಣ್ಣ ಕಣ್ಣಿನ ಸೋಸುವ ಪೊರೆ. ಈ ಅಮೈಲೇಸಿನ ಅಣುಭಾರ ಐವತ್ತು ಕಿಲೋಡಾಲ್ಟನ್ ಮೇಲಿದೆ, ಹಾಗಾಗಿ ಹತ್ತು ಕಿಲೋಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ತಡೆಯುವ ಮೆಂಬ್ರೇನ್ ಸಾಕು. ನೀರು, ಉಪ್ಪು, ಸಕ್ಕರೆ ಆಚೆ ಹೋಗುತ್ತವೆ, ಕಿಣ್ವ ಉಳಿಯುತ್ತದೆ. ಮೆಂಬ್ರೇನನ್ನು ಪ್ರತಿ ಸಲ ತೊಳೆದು ತೇವವಾಗೇ ಇಡಬೇಕು, ಒಣಗಿದರೆ ಮುಗೀತು. ಇದರ ಬೆಲೆ ಕೇಳಿ ನಮ್ಮ ಅಪ್ಪಾ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಶಕ್ತಿ ಅಳೆಯುವ ವಿಷಯದಲ್ಲಿ ಹೊಸಬರು ಹುಷಾರಾಗಿರಬೇಕು. ಕಾಲೇಜಿನಲ್ಲಿ ಕಲಿತ ಡಿಎನ್‌ಎಸ್ ವಿಧಾನ ನಿಮಗೆ ಗೊತ್ತು. ಪಿಷ್ಟ ಒಡೆದು ಬಂದ ಸಕ್ಕರೆಯ ಜೊತೆ ಕುದಿಸಿದರೆ ಹಳದಿ ದ್ರವ ಕೆಂಪುಗಂದಾಗುತ್ತದೆ, 540 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಆದರೆ ಬೂಸಾದ ಸಾರದಲ್ಲಿ ಮೊದಲೇ ಸಕ್ಕರೆ ಇರುತ್ತದೆ. ಅದನ್ನು ಕಳೆಯಲು ಪ್ರತಿ ಸ್ಯಾಂಪಲ್‌ಗೂ ಪ್ರತ್ಯೇಕ ಬ್ಲ್ಯಾಂಕ್ (ಕಿಣ್ವ ಕೆಲಸ ಮಾಡದ ಹೋಲಿಕೆಯ ನಳಿಕೆ) ಇಡದಿದ್ದರೆ ಬರುವ ಅಂಕಿ ಸುಳ್ಳು. ಇನ್ನೊಂದು, ಹೊರಗಿನ ಒಂದು ಲ್ಯಾಬಿಗೆ ಕಳಿಸಿದಾಗ ನಮ್ಮ ಅಂಕಿಗೂ ಅವರ ಅಂಕಿಗೂ ತಾಳೆಯೇ ಇಲ್ಲ. ವಿಚಾರಿಸಿದರೆ ಅವರು 37 ಡಿಗ್ರಿಯಲ್ಲಿ ಮಾಡಿದ್ದರು, ನಾವು 60ರಲ್ಲಿ. ವರದಿಯಲ್ಲಿ ಆ ಸಾಲೇ ಇರಲಿಲ್ಲ. ಮಾರುಕಟ್ಟೆಯ ಡಬ್ಬಿಗಳ ಮೇಲಂತೂ ಒಬ್ಬೊಬ್ಬರದು ಒಂದೊಂದು ಯೂನಿಟ್. ಎಸ್‌ಕೆಬಿ, ಬಿಎಯು, ಕೆಎನ್‌ಯು ಹೀಗೆ. ಒಂದರ ಸಾವಿರ ಇನ್ನೊಂದರ ಸಾವಿರಕ್ಕೆ ಸಮ ಅಲ್ಲ. ಮಿಲ್‌ನವರು ಈಗ ಬಳಸುವ ಮಾಲಿನ ಸ್ಯಾಂಪಲ್ ತಂದು, ನಿಮ್ಮದರ ಪಕ್ಕದಲ್ಲೇ ಒಂದೇ ವಿಧಾನದಲ್ಲಿ ಅಳೆಯಿರಿ. ಬೆಲೆ ಹೇಳಲು ಬೇರೆ ಆಧಾರ ಹುಡುಕಬೇಡಿ.

ಇದೆಲ್ಲ ನಡೆಯುವಾಗಲೇ ಕಾಗದದ ಕೆಲಸವೂ ನಡೆಯುತ್ತಿತ್ತು. ನಾನು ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯ (ಪಿಎಂಇಜಿಪಿ) ಸಾಲಕ್ಕೆ ಅರ್ಜಿ ಹಾಕಿದೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಆಗುತ್ತದೆ. ಹಳ್ಳಿಯಲ್ಲಿ ಮಹಿಳೆ ಶುರು ಮಾಡಿದರೆ 35 ಪರ್ಸೆಂಟ್ ಸಬ್ಸಿಡಿ, ನಮ್ಮ ಕೈಯಿಂದ 5 ಪರ್ಸೆಂಟ್. ಸಬ್ಸಿಡಿ ಅಂದರೆ ದುಡ್ಡು ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ನಾವು ಎನ್‌ಎ (ಕೃಷಿಯೇತರ) ಆಗಿದ್ದ ಜಾಗದ ಹಳೆಯ ಗೋದಾಮು ಬಾಡಿಗೆಗೆ ಹಿಡಿದದ್ದು ಅದಕ್ಕೇ.

ಮೊದಲು ಹೋದ ಬ್ಯಾಂಕಿನಲ್ಲಿ ಫೈಲ್ ತಿಂಗಳುಗಟ್ಟಲೆ ಕದಲಲಿಲ್ಲ. ಇಂಥ ಮಾಲನ್ನು ಯಾರು ಕೊಳ್ಳುತ್ತಾರೆ ಅನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ಮೊದಲ ದಿನವೇ ಕೇಳಬಹುದಿತ್ತು, ಅಲ್ವಾ? ಬೇರೆ ಶಾಖೆಗೆ ಹೋಗುವಾಗ ನಾನು ಮಿಲ್‌ಗಳಿಂದ 'ಸ್ಯಾಂಪಲ್ ಸರಿ ಬಂದರೆ ಕೊಳ್ಳುತ್ತೇವೆ' ಎಂಬ ಪತ್ರಗಳನ್ನೂ, ಸರಕು ಗುರುತಿಸುವ ಎಚ್‌ಎಸ್‌ಎನ್ ಕೋಡ್ ಕಿಣ್ವಗಳಿಗೆ 3507 ಅನ್ನುವುದನ್ನೂ, ಅವರು ಈಗ ಯಾವ ಬೆಲೆಗೆ ಕೊಳ್ಳುತ್ತಿದ್ದಾರೆ ಅನ್ನುವ ಬಿಲ್‌ಗಳ ನಕಲನ್ನೂ ಒಟ್ಟಿಗೆ ಇಟ್ಟೆ. ಅಲ್ಲಿ ಕೆಲಸ ಆಯಿತು. ಆ ಮ್ಯಾನೇಜರ್ ತಾವೇ ಬಂದು ಟ್ರೇ ಕೋಣೆ ನೋಡಿದರು, ಘಾಟಿಗೆ ಕರ್ಚೀಫ್ ಹಿಡಿದುಕೊಂಡೇ.

ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎರಡು ಹಂತದ್ದು. ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ತೊಳೆದ ನೀರಿನಲ್ಲಿ ಸಕ್ಕರೆ, ಪ್ರೋಟೀನ್ ಇರುವುದರಿಂದ ಅದನ್ನು ಹಾಗೇ ಚರಂಡಿಗೆ ಬಿಡುವಂತಿಲ್ಲ. ಎಷ್ಟು ನೀರು ಬರುತ್ತದೆ, ಹೇಗೆ ಸಂಸ್ಕರಿಸುತ್ತೀರಿ, ಉಳಿದ ಬೂಸಾ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಾರೆ. ನಾವು ಉಳಿದ ಬೂಸಾವನ್ನು ಮತ್ತೆ ಬೇಯಿಸಿ ಕಾಂಪೋಸ್ಟ್ ಮಾಡುತ್ತೇವೆ. ಈ ಲೆಕ್ಕವನ್ನು ಯೋಜನಾ ವರದಿಯಲ್ಲೇ ಬರೆದಿಟ್ಟರೆ ಅರ್ಜಿ ವಾಪಸ್ ಬರುವುದು ತಪ್ಪುತ್ತದೆ.

ಪಂಚಾಯಿತಿಯಲ್ಲಿ ಬೇರೆಯದೇ ಆಯಿತು. 'ಬ್ಯಾಕ್ಟೀರಿಯಾ ಫ್ಯಾಕ್ಟ್ರಿ ಬರತೈತಿ, ಊರಿಗೆ ರೋಗ ಬರತೈತಿ' ಅಂತ ಮಾತು ಹಬ್ಬಿತ್ತು. ಹೆದರಿದವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಒಂದು ಪಾತ್ರೆ ಅಕ್ಕಿ ಗಂಜಿ, ಬಿಳಿ ಟೈಲ್ ತುಂಡು, ಟಿಂಚರ್ ಅಯೋಡಿನ್, ನಮ್ಮ ಕಿಣ್ವ ತೆಗೆದುಕೊಂಡು ಸಭೆಗೆ ಹೋದೆ. ಟೈಲ್ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟು, ಬೆಚ್ಚಗಿನ ಗಂಜಿಗೆ ಕಿಣ್ವ ಹಾಕಿ, ನಿಮಿಷಕ್ಕೊಂದು ಹನಿ ಗಂಜಿ ಬಿಡುತ್ತಾ ಹೋದೆ. ಮೊದಲನೆಯದು ಕಡು ನೀಲಿ. ಮುಂದಿನದು ನೇರಳೆ. ಆಮೇಲೆ ಕೆಂಪುಗಂದು. ಕೊನೆಗೆ ಅಯೋಡಿನ್ನಿನ ಹಳದಿ ಹಾಗೇ ಉಳಿಯಿತು. ಗಂಜಿಯೂ ನೀರಾಗಿತ್ತು. ಹಿರಿಯರೊಬ್ಬರು ಪಾತ್ರೆಯನ್ನು ಬಗ್ಗಿಸಿ ನೋಡಿ, 'ಏನವ್ವಾ, ಇದನ್ನ ಗಂಜಿಗೆ ಹಾಕಿದ್ರ ಹೊಟ್ಟಿ ತುಂಬೂದಿಲ್ಲಲ್ಲ!' ಅಂದರು. ಎಲ್ಲರೂ ನಕ್ಕರು. ಸಬ್ಟಿಲಿಸ್ಸಿನಿಂದ ಸಿಕ್ಕಿಂನಲ್ಲಿ ಸೋಯಾ ಕಾಳಿನ ಕಿನೆಮಾ ಎಂಬ ಅಡುಗೆ ಮಾಡಿ ತಿನ್ನುತ್ತಾರೆ, ನಮ್ಮದೂ ಅದೇ ಬಳಗದ್ದು ಅಂತ ಹೇಳಿದೆ. ಡಿಎನ್‌ಎ ವರದಿ ತೋರಿಸಿದೆ. ಎನ್‌ಒಸಿ ಸಿಕ್ಕಿತು. ಘಾಟು ಹೊರಗೆ ಬಾರದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ಗಾಳಿ ಹೊರಹೋಗುವ ಪೈಪನ್ನು ನೀರಿನ ತೊಟ್ಟಿಯ ಮೂಲಕ ಹಾಯಿಸಿದ್ದೇವೆ.

ಇನ್ನು ಮಾಲು ಕೆಡದ ಹಾಗೆ ಇಡುವುದು. ಕಿಣ್ವ ಮಾಡುವುದಕ್ಕಿಂತ ಇದೇ ಕಷ್ಟ ಅನ್ನಿಸಿತು. ಈ ಅಮೈಲೇಸ್ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು, ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್. ಜೊತೆಗೆ ಉಪ್ಪು, ಗ್ಲಿಸರಾಲ್. ಏಪ್ರಿಲ್ ಬಿಸಿಲಿಗೆ ಕೆಲವು ಕ್ಯಾನ್‌ಗಳು ಊದಿಕೊಂಡವು, ಮುಚ್ಚಳ ತೆಗೆದರೆ ಬುಸ್ ಅನ್ನುವ ಗಾಳಿ. ಸೋಡಿಯಂ ಬೆಂಜೊಯೇಟ್ ಹುಳಿ ಪದಾರ್ಥದಲ್ಲಿ ಕೆಲಸ ಮಾಡುತ್ತದೆ, ಆರರ ಪಿಎಚ್‌ನಲ್ಲಿ ಅದರ ಬಲ ಬಹಳ ಕಡಿಮೆ. ಆ ಪಿಎಚ್‌ನಲ್ಲಿ ಪೊಟ್ಯಾಷಿಯಂ ಸಾರ್ಬೇಟ್ ಅದಕ್ಕಿಂತ ಮೇಲು. ಉಪ್ಪನ್ನೂ ಏರಿಸಿದ ಮೇಲೆ ಊದುವುದು ನಿಂತಿತು. ಈಗ ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ತಣ್ಣನೆಯ ಕೋಣೆಯಲ್ಲಿ, ಇನ್ನೊಂದು ತಗಡಿನ ಶೆಡ್ಡಿನಲ್ಲಿ ಇಟ್ಟು ಎರಡನ್ನೂ ಆಗಾಗ ಅಳೆಯುತ್ತೇವೆ. ಗಿರಾಕಿಯ ಗೋದಾಮು ಶೆಡ್ಡಿನ ಹಾಗೇ ಇರುತ್ತದೆ. ಶೆಡ್ಡಿನ ಬಾಟಲಿಯ ಅಂಕಿ ನೋಡಿಯೇ ಲೇಬಲ್ ಮೇಲೆ ಎಷ್ಟು ತಿಂಗಳು ಅಂತ ಬರೆಯುವುದು.

ಮಿಲ್‌ನಲ್ಲಿ ಮೊದಲ ಟ್ರಯಲ್ ದಿನ ಡೈಯಿಂಗ್ ಮಾಸ್ಟರ್ ಫೋನ್ ಮಾಡಿದರು. 'ಮೇಡಂ, ನಿಮ್ಮ ಮಾಲು ಚಲೋ ಇಲ್ಲರಿ. ಬಟ್ಟಿ ಗಂಜಿ ಬಿಟ್ಟೇ ಇಲ್ಲ.' ನನ್ನ ಕೈಕಾಲು ತಣ್ಣಗಾದವು. ಬೈಕ್ ಹತ್ತಿ ಹೋದೆವು. ಬಟ್ಟೆಯನ್ನು ದ್ರವದಲ್ಲಿ ಹಾಯಿಸುವ ಜಿಗ್ಗರ್ ಯಂತ್ರದಿಂದ ಇಳಿಸಿದ ಬಟ್ಟೆ ಒರಟಾಗೇ ಇತ್ತು. ಅಲ್ಲೇ ಮೂಲೆಯಲ್ಲಿದ್ದ ಬೇರೆ ಲಾಟಿನ ತುಂಡು ಕೇಳಿ ತೆಗೆದುಕೊಂಡು, ಬಕೆಟ್‌ನಲ್ಲಿ ನಮ್ಮ ಕಿಣ್ವ ಹಾಕಿ ಬಿಸಿನೀರಲ್ಲಿ ಇಟ್ಟೆ. ತೊಳೆದು ಒಣಗಿಸಿ ಅಯೋಡಿನ್ ಹನಿ ಬಿಟ್ಟರೆ ನೀಲಿ ಹೆಚ್ಚುಕಡಿಮೆ ಮಾಯ. ಅಯೋಡಿನ್ ಬಣ್ಣ ಹೋಲಿಸಿ ನೋಡುವ ಟೆಗೆವಾ ಪಟ್ಟಿಯಲ್ಲಿ 1 ಅಂದರೆ ಗಂಜಿ ಹಾಗೇ ಇದೆ, 9 ಅಂದರೆ ಪೂರ್ತಿ ಹೋಗಿದೆ. ಈ ತುಂಡು ಎಂಟರ ಹತ್ತಿರ ಇತ್ತು.

ವ್ಯತ್ಯಾಸ ಬಟ್ಟೆಯಲ್ಲಿತ್ತು. ಮೊದಲನೆಯದು ಪಾಲಿಯೆಸ್ಟರ್ ಬೆರೆತ ಬಟ್ಟೆ. ಅದರ ನೂಲಿಗೆ ಹಾಕಿದ್ದು ಬರೀ ಪಿಷ್ಟ ಅಲ್ಲ, ಪಿವಿಎ ಎಂಬ ಕೃತಕ ಅಂಟು. ಪಿವಿಎ ಮೇಲೆ ಜಗತ್ತಿನ ಯಾವ ಅಮೈಲೇಸೂ ಕೆಲಸ ಮಾಡುವುದಿಲ್ಲ. ಅದನ್ನು ಬಿಸಿನೀರಲ್ಲಿ ಕರಗಿಸಿ ತೆಗೆಯಬೇಕು. ಬಟ್ಟೆ ಎಲ್ಲೆಲ್ಲಿಂದಲೋ ಬರುವುದರಿಂದ ಯಾವ ಗಂಜಿ ಹಾಕಿದ್ದಾರೆ ಅನ್ನುವುದು ಮಾಸ್ಟರ್‌ಗೂ ಗೊತ್ತಿರುವುದಿಲ್ಲ. ಟ್ರಯಲ್‌ಗೆ ಹೋಗುವ ಮೊದಲು ಸೈಜಿಂಗ್‌ನವರ ರೆಸಿಪಿ ಕೇಳಿ, ಶುದ್ಧ ಹತ್ತಿಯ ಲಾಟಿನಿಂದಲೇ ಶುರು ಮಾಡಿ.

ಮುಂದಿನ ಸಲ ಹತ್ತಿಯ ಲಾಟಿನಲ್ಲೂ ಅರ್ಧಂಬರ್ಧ ಆಯಿತು. ಈ ಸಲ ನಾನು ಮಾಸ್ಟರ್ ಪಕ್ಕದಲ್ಲೇ ನಿಂತು ಜಿಗ್ಗರ್‌ಗೆ ಏನೇನು ಹಾಕುತ್ತಾರೆ ಅಂತ ಬರೆದುಕೊಂಡೆ. ಗಡಸು ನೀರಿಗೆಂದು ಸೀಕ್ವೆಸ್ಟ್ರಿಂಗ್ ಏಜೆಂಟ್ ಸುರಿಯುತ್ತಿದ್ದರು, ಇಡಿಟಿಎ ಥರದ್ದು. ಅದು ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆ, ಕಿಣ್ವದಲ್ಲಿದ್ದದ್ದನ್ನೂ ಬಿಡುವುದಿಲ್ಲ. ಅದನ್ನು ಡಿಸೈಜಿಂಗ್ ಮುಗಿದ ಮೇಲೆ ಹಾಕಲು ಹೇಳಿದೆ, ಬಟ್ಟೆ ಬೇಗ ನೆನೆಯಲು ಹಾಕುವ ವೆಟ್ಟಿಂಗ್ ಏಜೆಂಟನ್ನು ವಿದ್ಯುದಾವೇಶವಿಲ್ಲದ ನಾನ್-ಅಯಾನಿಕ್‌ಗೆ ಬದಲಾಯಿಸಿದೆವು. ಬಟ್ಟೆ ಮೆತ್ತಗಾಯಿತು. ಮಾಸ್ಟರ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, 'ಈಗ ಬಿಟ್ಟದ ನೋಡ್ರಿ' ಅಂದರು. ಅವರೇ ಆಮೇಲೆ ಇನ್ನೆರಡು ಮಿಲ್‌ಗಳಿಗೆ ನಮ್ಮ ಹೆಸರು ಹೇಳಿದರು. ಮಾರಾಟಕ್ಕೆ ಹೋಗುವವರು ಬೆಲೆಪಟ್ಟಿಗಿಂತ ಮೊದಲು ಅಯೋಡಿನ್ ಬಾಟಲಿ ಇಟ್ಟುಕೊಂಡು ಹೋಗಿ.

ಕೆಲಸದವರ ಉಸಿರಿನ ಬಗ್ಗೆ ಒಂದು ಮಾತು. ಕಿಣ್ವದ ಪುಡಿ ಗಾಳಿಯಲ್ಲಿ ಹಾರಿ ಒಳಗೆ ಹೋದರೆ ಅಲರ್ಜಿ, ದಮ್ಮು ಬರುತ್ತದೆ. 1960ರ ದಶಕದಲ್ಲಿ ಕಿಣ್ವ ಬೆರೆಸಿದ ಡಿಟರ್ಜೆಂಟ್ ಮಾಡುವ ಕಾರ್ಖಾನೆಗಳಲ್ಲಿ ಇದು ಬೆಳಕಿಗೆ ಬಂದದ್ದು. ನಾವು ದ್ರವವನ್ನೇ ಮಾರಲು ಇದೂ ಒಂದು ಕಾರಣ. ಪುಡಿ ಮಾಡಿದರೆ ಸಾಗಿಸಲು ಸುಲಭ, ಜಾಸ್ತಿ ದಿನ ಉಳಿಯುತ್ತದೆ, ಕೇಳುವವರೂ ಇದ್ದಾರೆ. ಆದರೆ ಧೂಳು ಹಿಡಿಯುವ ವ್ಯವಸ್ಥೆ ಇಲ್ಲದೆ ನಾನು ಅದಕ್ಕೆ ಕೈ ಹಾಕುವುದಿಲ್ಲ. ಒಣಗಿದ ಟ್ರೇ ಕೆರೆಯುವಾಗಲೂ ಸರಿಯಾದ ಮಾಸ್ಕ್ ಕಡ್ಡಾಯ, ಬಟ್ಟೆ ಕಟ್ಟಿಕೊಂಡರೆ ಸಾಲದು.

ತಳಿಯನ್ನೂ ಜೋಪಾನ ಮಾಡಿ. ಸ್ಲಾಂಟಿನಿಂದ (ಓರೆಯಾಗಿ ಅಗಾರ್ ಕಟ್ಟಿದ ನಳಿಕೆ) ಸ್ಲಾಂಟಿಗೆ ದಾಟಿಸುತ್ತಾ ಹೋದರೆ ಶಕ್ತಿ ಕುಂದುತ್ತದೆ. ಗ್ಲಿಸರಾಲ್‌ನಲ್ಲಿ ಸಣ್ಣ ಸಣ್ಣ ವಯಲ್ ಮಾಡಿ ಡೀಪ್ ಫ್ರೀಜರ್‌ನಲ್ಲಿಡಿ, ಇನ್ನೊಂದು ಕಟ್ಟು ಬೇರೆ ಊರಿನಲ್ಲಿರಲಿ. ಪ್ರತಿ ಸಲ ಹೊಸ ವಯಲ್‌ನಿಂದಲೇ ಶುರು ಮಾಡಿ.

ಖರ್ಚಿನಲ್ಲಿ ಬೂಸಾ ಹಗುರ. ಭಾರ ಬೀಳುವುದು ಆಟೋಕ್ಲೇವಿನ ಕರೆಂಟ್, ಮೆಂಬ್ರೇನ್, ತಣ್ಣನೆಯ ಕೋಣೆ, ಮತ್ತು ದುಡ್ಡು ಬರುವವರೆಗಿನ ಕಾಯುವಿಕೆ. ಇಲ್ಲಿ ಮಿಲ್‌ಗಳು ಮೂರು ತಿಂಗಳ ಉದ್ರಿ ಕೇಳುತ್ತವೆ. ಬ್ಯಾಂಕಿನಿಂದ ಯಂತ್ರದ ಸಾಲದ ಜೊತೆ ದುಡಿಯುವ ಬಂಡವಾಳವನ್ನೂ ಮೊದಲೇ ಕೇಳಿಕೊಳ್ಳಿ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಹಣ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲೂ ಆಗುವುದಿಲ್ಲ. ಈ ಎರಡನೆಯ ಮಾತು ಮಿಲ್‌ನ ಅಕೌಂಟೆಂಟ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ಬಿಲ್‌ನ ಮೇಲ್ಭಾಗದಲ್ಲೇ, ಕಣ್ಣಿಗೆ ಕಾಣುವ ಹಾಗೆ, ನಿಮ್ಮ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ನಾವು ಹಾಕಿಸಿದ ಮೇಲೆ ಚೆಕ್‌ಗಳು ಬೇಗ ಬರುತ್ತಿವೆ.